ಚಿಲಾಲೋ ಗೋಡೆಗಳ ಸೊರೈದಾ

ಕಟಕಾವೊಸ್ ಪೇಟೆಯ ಸಂತೆಬೀದಿಯ ಹಿಂದಿದ್ದ ಚಿಲಾಲೋ ಪಾನೀಯದ ಕಾರ್ಖಾನೆಗೆ ಸೊರೈದಾ ಯಾರ್ಲೆಕೆ ಸೇರಿದಾಗ ಅವಳಿಗೆ ಹತ್ತೊಂಬತ್ತು. ಕೆಲಸ, ಬಾಟಲಿ ತೊಳೆಯುವುದು. ಊರೂರು ತಿರುಗಿ ವಾಪಸು ಬಂದ ಖಾಲಿ ಬಾಟಲಿಗಳ ಹೊಟ್ಟೆಯಲ್ಲಿ ಏನೇನಿರುತ್ತಿತ್ತೆಂದು ಕೇಳಬಾರದು: ಸೀಮೆಎಣ್ಣೆ, ಸತ್ತ ಜಿರಲೆ, ಒಮ್ಮೆ ಯಾರದೋ ಪ್ರೇಮಪತ್ರ. ಆ ಪತ್ರವನ್ನು ಅವಳು ತೊಟ್ಟಿಯ ಸುತ್ತ ನಿಂತಿದ್ದ ಹೆಂಗಸರಿಗೆಲ್ಲ ಗಟ್ಟಿಯಾಗಿ ಓದಿ, "ಬರೆದೋನಿಗೆ ಬುದ್ಧಿ ಇಲ್ಲ, ಅಕ್ಷರ ಮಾತ್ರ ಮುದ್ದಾಗಿದೆ" ಎಂದು ತೀರ್ಪು ಕೊಟ್ಟಿದ್ದಳು. ಸನ್ಯಾಸಿನಿಯರ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಓದಿದವಳು. ನಾಲಿಗೆಗೆ ಮಾತ್ರ ಯಾವ ಶಾಲೆಯೂ ಪಾಠ ಕಲಿಸಿರಲಿಲ್ಲ.

ಅದು ಐವತ್ತೊಂಬತ್ತನೆಯ ಇಸವಿ. ಕಾರ್ಖಾನೆಯ ಒಡೆಯ ದೋನ್ ಲಿಯೋನ್ಸಿಯೋ ಫರ್ಫಾನ್ ಕಡುಗೆಂಪು ಪಾನೀಯವೊಂದನ್ನು ಕಾಸಿ, ಅದಕ್ಕೆ ಮಣ್ಣಿನ ಗೂಡು ಕಟ್ಟುವ ಚಿಲಾಲೋ ಹಕ್ಕಿಯ ಹೆಸರಿಟ್ಟು, ಹಕ್ಕಿಯ ಚಿತ್ರದ ಚೀಟಿಯನ್ನೂ ಅಚ್ಚು ಹಾಕಿಸಿದ್ದರು. ಮಾರಾಟ ಮಾತ್ರ ಇರಲಿಲ್ಲ. ಎದುರಾಳಿಗಳು ನಿಂಬೆಯೆಂದೋ ಅನಾನಸೆಂದೋ ಹೇಳಿ ಮಾರುತ್ತಿದ್ದರು. ಇದು ಯಾವ ಹಣ್ಣಿನದೆಂದು ಖುದ್ದು ದೋನ್ ಲಿಯೋನ್ಸಿಯೋಗೇ ಖಾತ್ರಿಯಿರಲಿಲ್ಲ. ಕೊನೆಗೊಂದು ದಿನ ಅವರು ಕೆಲಸದವರನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೂ ಒಂದೊಂದು ಲೋಟ ಕೊಟ್ಟರು.

"ಕುಡಿದು ಹೇಳಿ. ಯಾವ ಹಣ್ಣು?"

ಒಬ್ಬ ದಾಳಿಂಬೆ ಎಂದ. ಇನ್ನೊಬ್ಬ ಹುಣಿಸೆ ಎಂದ. ಲಾರಿಯವನು ಬಹಳ ಯೋಚಿಸಿ, "ಕೆಮ್ಮಿನ ಔಷಧಿ ಥರಾ ಇದೆ, ಆದ್ರೆ ಒಳ್ಳೆ ಕೆಮ್ಮಿನ ಔಷಧಿ" ಎಂದ. ಸೊರೈದಾ ಲೋಟ ಖಾಲಿ ಮಾಡಿ ಬಾಯಿ ಒರೆಸಿಕೊಂಡಳು.

"ಹಣ್ಣೂ ಇಲ್ಲ ಗಿಣ್ಣೂ ಇಲ್ಲ ದೋನ್. ಇದು ಕೆಂಪು ರುಚಿ."

"ಕೆಂಪು ಬಣ್ಣ ಕಣಮ್ಮಾ, ರುಚಿ ಅಲ್ಲ."

"ಕಣ್ಣು ಮುಚ್ಕೊಂಡು ಕುಡೀರಿ. ಆಗ್ಲೂ ಕೆಂಪೇ."

ದೋನ್ ಲಿಯೋನ್ಸಿಯೋ ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು. ಬಿಟ್ಟ ಕಣ್ಣಲ್ಲಿ ಜ್ಞಾನೋದಯವಾದ ಕಳೆಯಿತ್ತು. ವಾರದೊಳಗೆ ಪೇಟೆಯ ಎಂಟು ಗೋಡೆಗಳ ಮೇಲೆ ಮೂಡಿತು: 'ಚಿಲಾಲೋ. ಕಣ್ಣು ಮುಚ್ಚಿದರೂ ಕೆಂಪು.' ಅರ್ಥವೇನೆಂದು ಯಾರಿಗೂ ತಿಳಿಯಲಿಲ್ಲ. ತಿಳಿಯಲೆಂದೇ ಎಲ್ಲರೂ ಕೊಂಡು ಕುಡಿದರು. ಮಕ್ಕಳು ಕಣ್ಣು ಮುಚ್ಚಿ ಕುಡಿದು ಅಂಗಿಯ ಮೇಲೆಲ್ಲ ಚೆಲ್ಲಿಕೊಂಡರು. ತಾಯಂದಿರು ಬೈದರು. ಕಾರ್ಖಾನೆಗೆ ಎರಡನೆಯ ಲಾರಿ ಬಂತು.

ಅಲ್ಲಿಂದ ಮುಂದೆ ಹೊಸ ಮಾತು ಬೇಕಾದಾಗಲೆಲ್ಲ ದೋನ್ ಲಿಯೋನ್ಸಿಯೋ ತೊಟ್ಟಿಯ ಹತ್ತಿರ ಬಂದು, ಸುಮ್ಮನೆ ಬಂದವರಂತೆ ಮಾತಿಗೆ ನಿಲ್ಲುತ್ತಿದ್ದರು.

ಗೋಡೆ ಬರೆಯುವವನು ಟೆಲ್ಮೋ ಸೆರ್ನಾಕೆ. ಉದ್ದನೆಯ ಮನುಷ್ಯ, ಕಿವಿಯ ಹಿಂದೆ ಯಾವಾಗಲೂ ಒಂದು ಕುಂಚ. ಅವನ ಅಕ್ಷರ ದುಂಡಗೆ, ಆಗತಾನೇ ಹೊಳೆಯಿಂದ ಎತ್ತಿದ ಬೆಣಚುಕಲ್ಲಿನಂತೆ. ಆದರೆ ಅವನಿಗೆ ಅಕ್ಷರದ ಅಂದ ಗೊತ್ತೇ ಹೊರತು ಓದಲು ಅಷ್ಟಾಗಿ ಬರುತ್ತಿರಲಿಲ್ಲ. ಹಾಗಾಗಿ ಕಾಗುಣಿತ ನೋಡಿ ಹೇಳಲು ಸೊರೈದಾಳನ್ನೂ ಅವನ ಜೊತೆ ಕಳಿಸತೊಡಗಿದರು. ಅವಳು ಏಣಿ ಹಿಡಿದು ನಿಂತು ಒಂದೊಂದೇ ಅಕ್ಷರ ಹೇಳುವಳು, ಅವನು ಬರೆಯುವನು.

ಅರವತ್ತನಾಲ್ಕರಲ್ಲಿ ಸ್ಮಶಾನದ ದಾರಿಯ ಮೂಲೆಮನೆಯ ಗೋಡೆ ಸಿಕ್ಕಿತು. ಆ ವರ್ಷದ ಮಾತು, 'ಚಿಲಾಲೋ ಕುಡಿದೋರು ಸಾಯೋದಿಲ್ಲ ಬಾಯಾರಿ.' ಟೆಲ್ಮೋ ಉತ್ಸಾಹದಲ್ಲಿ ಅಕ್ಷರಗಳನ್ನು ಆಳೆತ್ತರಕ್ಕೆ ಬರೆದ. 'ಸಾಯೋದಿಲ್ಲ' ಎಂಬಲ್ಲಿಗೆ ಗೋಡೆ ಮುಗಿದುಹೋಯಿತು.

"ಅಯ್ಯೋ ದೇವ್ರೇ, ಅಳತೆ ಹಾಕ್ಲಿಲ್ವಾ?" ಎಂದಳು ಸೊರೈದಾ.

"ಹಾಕಿದ್ದೆ. ಮಧ್ಯದಲ್ಲಿ ನೀನು ನಕ್ಕೆ. ಅಳತೆ ಮರೆತೋಯ್ತು."

"ನನ್ ನಗೂಗೂ ನಿನ್ ಗೋಡೆಗೂ ಏನ್ ಸಂಬಂಧ?"

"ಅದನ್ನೇ ನಾನೂ ಎರಡು ವರ್ಷದಿಂದ ಯೋಚ್ನೆ ಮಾಡ್ತಿದೀನಿ" ಎಂದ ಟೆಲ್ಮೋ, ಏಣಿಯ ಮೇಲಿಂದ ಕೆಳಗೆ ನೋಡದೆ.

ಸೊರೈದಾ ಮೊದಲ ಸಲ ಕಾಗುಣಿತ ತಪ್ಪು ಹೇಳಿ, ಮತ್ತೆ ತಿದ್ದಿಕೊಂಡಳು. ಉಳಿದ ಪದವನ್ನು ಅವನು ಗೋಡೆಯ ಮೂಲೆ ತಿರುಗಿಸಿ ಓಣಿಯ ಕಡೆಗೆ ಬರೆದ. ಹೆಣ ಹೊತ್ತು ಸ್ಮಶಾನಕ್ಕೆ ಹೋಗುವವರ ಕಣ್ಣಿಗೆ ಬೀಳುತ್ತಿದ್ದುದು ಇಷ್ಟೇ: 'ಚಿಲಾಲೋ ಕುಡಿದೋರು ಸಾಯೋದಿಲ್ಲ.'

ಹದಿನೈದು ದಿನವೂ ಆಗಿರಲಿಲ್ಲ, ಪೆಟ್ರೋನಿಲಾ ಎಂಬ ಹೊಸ ವಿಧವೆ ಕರಿಬಟ್ಟೆ ತೊಟ್ಟು ಕಾರ್ಖಾನೆಯ ಬಾಗಿಲಲ್ಲಿ ಪ್ರತ್ಯಕ್ಷಳಾದಳು.

"ನಮ್ ಯಜಮಾನ್ರು ದಿನಕ್ಕೆರಡು ಕುಡೀತಿದ್ರು. ಮೊನ್ನೆ ಮಣ್ಣು ಮಾಡಿ ಬಂದ್ವಿ. ಗೋಡೆ ಮೇಲೆ ಬರೆದೋರ್ಯಾರು? ಈಚೆ ಬರ್ಲಿ!"

ದೋನ್ ಲಿಯೋನ್ಸಿಯೋ ಗೋದಾಮಿನೊಳಗೆ ಕಾಣೆಯಾದರು. ಸೊರೈದಾ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಆ ಹೆಂಗಸಿನ ತೋಳು ಹಿಡಿದು, ಸುಡುಬಿಸಿಲಲ್ಲಿ ಮೂಲೆಮನೆಯವರೆಗೂ ನಡೆಸಿಕೊಂಡು ಹೋಗಿ ಓಣಿಯ ಕಡೆ ತಿರುಗಿಸಿ ನಿಲ್ಲಿಸಿದಳು.

"ಓದಿ ದೋನ್ಯಾ" ಎಂದಳು, ದೊಡ್ಡ ಹೆಂಗಸರನ್ನು ಕರೆಯುವ ಮರ್ಯಾದೆಯಲ್ಲಿ.

"ಬಾಯಾರಿ" ಎಂದು ಓದಿದಳು ಪೆಟ್ರೋನಿಲಾ. ಹಿಂದಕ್ಕೆ ಬಂದು ಮೊದಲಿನ ಗೋಡೆ ನೋಡಿದಳು. ಮತ್ತೆ ಓಣಿಗೆ ಹೋದಳು.

"ಅವ್ರು ಹೇಗೆ ಹೋದ್ರು ದೋನ್ಯಾ?" ಸೊರೈದಾ ಮೆಲ್ಲಗೆ ಕೇಳಿದಳು.

"ಮರದಿಂದ ಬಿದ್ದು. ಮೇಕೆಗೆ ಕಾಯಿ ಉದುರಿಸೋಕೆ ಹತ್ತಿದ್ರು." ಪೆಟ್ರೋನಿಲಾ ಮೂಗು ಒರೆಸಿಕೊಂಡಳು. "ಬಾಯಾರಿಕೆ ಇರ್ಲಿಲ್ಲ ಬಿಡು. ಬೀಳೋ ಮುಂಚೆ ಕೂಡ ಒಂದು ಕುಡಿದಿದ್ರು." ಹೇಳುತ್ತಿದ್ದಂತೆ ಅವಳಿಗೆ ನಗು ಬಂತು. ಗಂಡ ಸತ್ತಮೇಲೆ ಮೊದಲ ಸಲ. ನಗು ಅಳುವಾಯಿತು, ಅಳು ಮತ್ತೆ ನಗುವಾಯಿತು. ಇಬ್ಬರೂ ಆ ಗೋಡೆಯ ನೆರಳಲ್ಲೇ ಕುಳಿತು ತಲಾ ಒಂದು ಬಾಟಲಿ ಕುಡಿದು ಎದ್ದರು.

ದೋನ್ ಲಿಯೋನ್ಸಿಯೋ ಗೋಡೆಗೆ ಸುಣ್ಣ ಬಳಿಸಲು ಹೊರಟಾಗ ಅಡ್ಡ ನಿಂತವಳು ಅದೇ ಪೆಟ್ರೋನಿಲಾ. ಮೂಲೆಯಲ್ಲಿ ಇನ್ನೊಬ್ಬಾಕೆ ಪಾನೀಯದ ಅಂಗಡಿಯನ್ನೂ ಇಟ್ಟಳು. ಸ್ಮಶಾನದಿಂದ ಬರುವಾಗ ಅಲ್ಲಿ ನಿಂತು ಒಂದು ಚಿಲಾಲೋ ಕುಡಿಯದೆ ಮನೆಗೆ ಹೋಗಬಾರದೆಂಬುದು ಪೇಟೆಯ ಪದ್ಧತಿಯಾಯಿತು.

ಟೆಲ್ಮೋ ಮತ್ತು ಸೊರೈದಾರ ಮದುವೆ ಅರವತ್ತಾರರಲ್ಲಿ ನಡೆಯಿತು. ಮದುವೆಗೆ ಬಂದವರಿಗೆಲ್ಲ ಕೆಂಪು ನಾಲಿಗೆ.

ಎಪ್ಪತ್ತಾರರಲ್ಲಿ ದೋನ್ ಲಿಯೋನ್ಸಿಯೋ ತೀರಿಕೊಂಡರು. ಶವಪೆಟ್ಟಿಗೆಯ ಹಿಂದೆ ಇಡೀ ಪೇಟೆ ನಡೆಯಿತು. ಮೂಲೆಮನೆಯ ಗೋಡೆ ಎದುರಾದಾಗ ಪಾದ್ರಿ ತಲೆ ತಗ್ಗಿಸಿದರು, ಜನ ಒಬ್ಬರನ್ನೊಬ್ಬರು ನೋಡದೆ ತುಟಿ ಕಚ್ಚಿಕೊಂಡರು. ಮೊದಲು ತಡೆಯಲಾಗದೆ ಹೋದದ್ದು ಮಗಳು ಅಂಪಾರೋಗೆ. "ಅಪ್ಪ ದಿನಕ್ಕಾರು ಕುಡೀತಿದ್ರು ಸೊರೈದಾ!" ಎಂದು ಸೊರೈದಾಳ ಭುಜಕ್ಕೆ ಹಣೆಯೊತ್ತಿ, ಕಣ್ಣೀರು ಸುರಿಸುತ್ತಲೇ ನಕ್ಕಳು. ಹೆಣ ಹೊತ್ತವರೂ ನಕ್ಕು, ಪೆಟ್ಟಿಗೆ ಒಂದು ಕಡೆ ವಾಲಿತು.

ಅಂಪಾರೋ ಲೀಮಾದಲ್ಲಿ ಓದಿ ಬಂದವಳು. ಕಾರ್ಖಾನೆ ಅವಳ ಕೈಗೆ ಬಂದಮೇಲೆ ಎಲ್ಲ ಕ್ರಮಬದ್ಧವಾಗಬೇಕೆಂದು ಆಸೆಪಟ್ಟಳು. ರಾಜಧಾನಿಯಿಂದ ಜಾಹೀರಾತಿನ ಪರಿಣತನೊಬ್ಬ ಬಂದ. ಮೊಟ್ಟೆ ಬೇಯುವಂಥ ಆ ಸೆಕೆಯಲ್ಲೂ ಕುತ್ತಿಗೆಗೆ ಶಾಲು ಸುತ್ತಿಕೊಂಡಿದ್ದ. ಎರಡು ತಿಂಗಳು ಯೋಚಿಸಿ ಅವನು ಕೊಟ್ಟ ಮಾತು, 'ಚಿಲಾಲೋ: ಅಸ್ತಿತ್ವದ ಗುಳ್ಳೆ.'

ಟೆಲ್ಮೋ ಅದನ್ನು ಹನ್ನೆರಡು ಗೋಡೆಗಳ ಮೇಲೆ ಬರೆದ. "ಏನೇ ಇದರರ್ಥ?" ಎಂದು ಹೆಂಡತಿಯನ್ನು ಕೇಳಿದ.

"ಹೊಟ್ಟೆ ಉಬ್ಬರ ಅಂತ" ಎಂದಳು ಸೊರೈದಾ.

ಪೇಟೆಯವರಿಗೂ ಹಾಗೇ ಅನ್ನಿಸಿರಬೇಕು. ತಿಂಗಳೊಳಗೆ ಹನ್ನೆರಡು ಗೋಡೆಗಳಲ್ಲಿ ಒಂಬತ್ತರ ಕೆಳಗೆ ಯಾರೋ ಇದ್ದಿಲಿನಲ್ಲಿ 'ತೇಗಿದರೆ ಸರಿಹೋಗುತ್ತದೆ' ಎಂದು ಗೀಚಿದರು. ಅಂಪಾರೋ ಸೊರೈದಾಳನ್ನು ಕರೆಸಿ, ಬಾಗಿಲು ಹಾಕಿ, ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು.

"ನಿಜ ಹೇಳು, ಇದ್ದಿಲು ಯಾರದು?"

"ಮೂರು ನಂದು ದೋನ್ಯಾ. ಮಿಕ್ಕಿದ್ದು ಯಾರದೋ ಗೊತ್ತಿಲ್ಲ, ಆಣೆಗೂ."

ಶಾಲಿನವನು ಊರಿಗೆ ಹೋದ. ಇದ್ದಿಲಿನ ಸಾಲನ್ನು ಟೆಲ್ಮೋ ಬಣ್ಣದಲ್ಲಿ ತಿದ್ದಿ ಬರೆದ.

ಎಂಬತ್ತಮೂರರಲ್ಲಿ ಮಳೆ ಬಂತು. ಆ ಮರಳುಸೀಮೆಯ ಆಕಾಶ ವರ್ಷಗಟ್ಟಲೆ ಒಣಗಿರುವುದೇ ರೂಢಿ; ಆ ಸಲ ಮಾತ್ರ ತಿಂಗಳುಗಟ್ಟಲೆ ಸುರಿಯಿತು. ಮಣ್ಣಿನ ಮನೆಗಳು ಕರಗಿದವು. ಸ್ಮಶಾನದ ದಾರಿಯ ಮೂಲೆಮನೆಯೂ ಕುಸಿಯಿತು. ರಸ್ತೆಗಳು ಕೊಚ್ಚಿಹೋಗಿ ಸಕ್ಕರೆ ಬರುವುದು ನಿಂತಿತು. ಇದ್ದ ಸಕ್ಕರೆಯಲ್ಲಿ ಅರ್ಧ ಸಿಹಿಯ ಚಿಲಾಲೋ ಮಾಡಬಹುದಿತ್ತು. ಯಾರಿಗೂ ಹೇಳದೆ ಮಾರುವುದು ಅಂಪಾರೋಳ ಯೋಚನೆ.

"ಜನರ ನಾಲಿಗೆ ಏನ್ ಸತ್ತಿದ್ಯಾ ದೋನ್ಯಾ?" ಎಂದಳು ಸೊರೈದಾ. "ನಾವೇ ಹೇಳ್ಬಿಡೋಣ. ನಾವು ಹೇಳಿದ್ರೆ ಜಾಹೀರಾತು, ಅವ್ರು ಹೇಳಿದ್ರೆ ದೂರು."

ಬರೆಯಲು ಒಣಗಿದ ಗೋಡೆ ಒಂದೂ ಇರಲಿಲ್ಲ. ಟೆಲ್ಮೋ ತಗಡಿನ ಮೇಲೆ ಬರೆದು, ಕಡಲತೀರದ ಸೆಚೂರಾದ ಮೀನುಗಾರರಿಂದ ಪಡೆದ ದೋಣಿಗೆ ಕಟ್ಟಿದ: 'ಚಿಲಾಲೋ. ಈ ವಾರ ಸಿಹಿ ಕಮ್ಮಿ. ಮುಂದಿನ ವಾರ ನೋಡೋಣ.' ಗಂಡ ಹೆಂಡತಿ ಇಬ್ಬರೂ ಬಾಟಲಿ ಪೆಟ್ಟಿಗೆಗಳ ಜೊತೆ ದೋಣಿಯಲ್ಲಿ ಕುಳಿತು, ನಿನ್ನೆಯವರೆಗೂ ಹತ್ತಿಯ ಹೊಲಗಳಾಗಿದ್ದ ಕೆರೆಗಳನ್ನು ದಾಟಿ ಹಳ್ಳಿಹಳ್ಳಿಗೂ ಹೋದರು. ಕುಡಿಯುವ ನೀರೇ ಕೆಟ್ಟಿದ್ದ ದಿನಗಳು; ಮುಚ್ಚಳವಿದ್ದ ಬಾಟಲಿ ಕಂಡು ಜನ ಸೊಂಟದವರೆಗಿನ ನೀರಿಗಿಳಿದು ಬರುತ್ತಿದ್ದರು. ಎರಡನೆಯ ವಾರ ತಗಡು ಹೇಳಿತು: 'ಈ ವಾರವೂ ಕಮ್ಮಿ. ಕೇಳಬೇಡಿ.'

"ಕೇಳ್ತೀವಿ!" ಎಂದು ಮಾಡಿನ ಮೇಲೆ ಕೋಳಿಗಳ ಜೊತೆ ಕುಳಿತಿದ್ದ ಮುದುಕನೊಬ್ಬ ಕೂಗಿದ. "ಯಾವಾಗಮ್ಮಾ ಸಕ್ಕರೆ?"

"ನೀನು ಕೆಳಗಿಳಿದಾಗ!" ಎಂದು ಸೊರೈದಾ ಕೂಗಿದಳು. ಮಾಡು ಮಾಡಿನಿಂದ ನಗು ಕೇಳಿತು. ಆ ನಗುವಿನ ನಂತರ ಅವಳು ಮುಖ ತಿರುಗಿಸಿ ನೀರನ್ನೇ ನೋಡುತ್ತ ಕುಳಿತದ್ದನ್ನು ಟೆಲ್ಮೋ ಒಬ್ಬನೇ ಕಂಡ. ಅವರ ಮನೆಯೂ ಕರಗಿಹೋಗಿತ್ತು.

ಜೂನ್ ಕಳೆದು ರಸ್ತೆ ತೆರೆಯಿತು. ತಗಡಿನ ಮೇಲೆ ಎರಡೇ ಪದ: 'ಸಕ್ಕರೆ ಬಂತು!' ಚರ್ಚಿನ ಗಂಟೆ ಹೊಡೆದವರು ಯಾರೆಂದು ಪಾದ್ರಿ ಕೊನೆಗೂ ಪತ್ತೆ ಮಾಡಲಿಲ್ಲ. ಅಂಪಾರೋ ತನ್ನ ಕಾರ್ಖಾನೆಯ ಇಟ್ಟಿಗೆಗಳಲ್ಲೇ ಅವರಿಗೊಂದು ಮನೆ ಕಟ್ಟಿಸಿಕೊಟ್ಟಳು.

ತೊಂಬತ್ತೇಳರಲ್ಲಿ ಪ್ಲಾಸ್ಟಿಕ್ ಬಾಟಲಿ ಬಂತು. ತೊಳೆಯುವ ತೊಟ್ಟಿ ಒಣಗಿತು. ಅಷ್ಟರಲ್ಲಿ ಟೆಲ್ಮೋನ ಕಣ್ಣಿಗೆ ಪೊರೆ ಬೆಳೆದು ಏಣಿ ಹತ್ತುವುದು ನಿಂತಿತ್ತು. ಅಂಪಾರೋ ಮನೆಗೇ ಬಂದು ಹೊಸ ಬಾಟಲಿಗೊಂದು ಮಾತು ಕೇಳಿದಳು.

"ಮೂವತ್ತೆಂಟು ವರ್ಷ ಗಾಜು ತೊಳೆದೋಳು ನಾನು. ಇದನ್ನ ಹೊಗಳ್ಬೇಕಾ?" ಸೊರೈದಾ ಬಾಟಲಿಯನ್ನು ನೆಲಕ್ಕೆಸೆದಳು. ಅದು ಪುಟಿದು ಮಂಚದಡಿ ಉರುಳಿತು. ಎತ್ತಿ ಮುಚ್ಚಳ ತಿರುಗಿಸಿದ್ದೇ ತಡ, ಕೆಂಪು ನೊರೆ ಚಿಮ್ಮಿ ಮೂವರ ಮುಖಕ್ಕೂ ಬಡಿಯಿತು. ಮುಖ ಒರೆಸಿಕೊಳ್ಳುತ್ತ ಅವಳೆಂದಳು, "ಬರ್ಕೊಳಿ: 'ಬಿದ್ದರೂ ಒಡೆಯೋದಿಲ್ಲ. ಬೀಳಿಸಿ ನೋಡಬೇಡಿ.'"

"ಬರೆಯೋರ್ಯಾರು? ಹೊಸಬರನ್ನ ಕರೆಸ್ಲಾ?" ಎಂದಳು ಅಂಪಾರೋ.

ಟೆಲ್ಮೋನ ಕೈ ಕಿವಿಯ ಹಿಂದೆ, ಈಗ ಕುಂಚವಿಲ್ಲದ ಜಾಗಕ್ಕೆ ಹೋಯಿತು. ಸೊರೈದಾ ಅವನ ಮುಖ ನೋಡಿದಳು. ಎದ್ದುಹೋಗಿ ಕುಂಚ ತಂದಳು.

ಸಂತೆಯ ಗೋಡೆಯ ಮುಂದೆ ಬೆಳಗ್ಗೆ ಒಂಬತ್ತಕ್ಕೆಲ್ಲ ಜನ ಸೇರಿದ್ದರು. ಐವತ್ತೇಳರ ಹೆಂಗಸು ಲಂಗ ಎತ್ತಿ ಸಿಕ್ಕಿಸಿ ಏಣಿ ಹತ್ತಿದಳು. ಏಣಿಯ ಬುಡದಲ್ಲೇ ಕುರ್ಚಿ ಹಾಕಿ ಕುಳಿತ ಟೆಲ್ಮೋ, ಮಬ್ಬು ಮಬ್ಬಾಗಿ ಕಾಣುವುದರಲ್ಲೇ ಗದರುತ್ತಿದ್ದ.

"ಮುದುಕೀ, ಎಡಕ್ಕೆ ವಾಲ್ತಿದೆ!"

"ಅಕ್ಷರಾನಾ, ನಾನಾ?"

"ಇಬ್ರೂ!"

"ಮುದುಕಾ, ಸುಮ್ನೆ ಏಣಿ ಹಿಡ್ಕೋ."

ಅಕ್ಷರಗಳು ಒಂದು ಮೇಲೆ, ಒಂದು ಕೆಳಗೆ, ಸಂತೆಯಿಂದ ಮನೆಗೆ ಹೊರಟ ಮೇಕೆಗಳಂತೆ ಬಂದವು. ಜನ ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಕೆಲಸ ಮುಗಿಸಿ ಇಬ್ಬರೂ ಚೀಚಾ ಎಂಬ ಮೆಕ್ಕೆಜೋಳದ ಹೆಂಡ ಮಾರುವ ಅಂಗಡಿಗೆ ಹೋಗಿ, ಬಾಳೆಕಾಯಿ ಜಜ್ಜಿ ಮಾಂಸದೊಡನೆ ಹುರಿದ ಪಲ್ಯ ತರಿಸಿದರು. ಮುಂದಿನ ವಾರ ಬಸ್ ನಿಲ್ದಾಣದ ಗೋಡೆಯಿತ್ತು. ಅದಕ್ಕೆ ಎಷ್ಟು ಬಣ್ಣ ಬೇಕಾಗಬಹುದೆಂದು ಊಟ ಮುಗಿಯುವವರೆಗೂ ಜಗಳವಾಡಿದರು.