ನಮ್ಮ ಸ್ಟೋರಿನ ಮಾವ

ಅವರ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಯಾವಾಗಲೂ ಒಂದು ಕಾಳು ಇರುತ್ತಿತ್ತು. ಒಂದು ದಿನ ತೊಗರಿ, ಒಂದು ದಿನ ಕೊತ್ತಂಬರಿ, ಒಮ್ಮೊಮ್ಮೆ ಮೆಂತೆ. ಮಾತಾಡುವಾಗ, ನಡೆಯುವಾಗ, ಬಸ್ಸಿಗೆ ಕಾಯುವಾಗ ಅದನ್ನು ಉರುಳಿಸುತ್ತಲೇ ಇರುತ್ತಿದ್ದರು. ಬೆರಳ ತುದಿಗಳು ಸವೆದು ನುಣ್ಣಗಾಗಿದ್ದವು. ಅರಿಸಿನದ ಬಣ್ಣ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಊಟದ ಹೊತ್ತು ಬಿಟ್ಟರೆ ಅವರು ಕೂತದ್ದನ್ನು ಕಂಡವರಿಲ್ಲ. ಕಾಫಿಯನ್ನೂ ನಿಂತೇ ಕುಡಿಯುವರು. ಪಕ್ಕದ ಮನೆಯ ತಮಿಳು ಮಾಮಿ, "ಮಾಮಾ, ಕೊಂಜಂ ಉಕ್ಕಾರುಂಗೋ" ಎಂದು ಮಣೆ ಹಾಕಿದರೆ, "ಕೂತ್ರೆ ಏಳುಕೆ ಮನಸ್ಸು ಬತ್ತಿಲ್ಲೆ ಮಾಮಿ" ಎಂದು ನಮ್ಮ ಕುಂದಾಪುರದ ಕನ್ನಡದಲ್ಲೇ ಉತ್ತರ ಕೊಟ್ಟು, ಗೇಟಿನವರೆಗೆ ಹೋಗಿ ಮತ್ತೆ ಬರುತ್ತಿದ್ದರು. ಮಾಮಿಗೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ನಕ್ಕು ಮಣೆ ಎತ್ತಿಡುತ್ತಿದ್ದರು.

ಸಂಬಂಧದಲ್ಲಿ ಅವರು ನನಗೆ ಏನೂ ಅಲ್ಲ. ಎಲ್ಲರೂ ಸ್ಟೋರಿನ ಮಾವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ತಿರುವಲ್ಲಿಕೇಣಿಯ ಗಲ್ಲಿಯೊಂದರಲ್ಲಿ ಒಂದೇ ಗೇಟು, ಒಂದೇ ಬಾವಿ, ನಡುವೆ ಉದ್ದನೆಯ ಓಣಿ, ಎರಡೂ ಕಡೆ ಸಾಲು ಮನೆಗಳು. ಇಂಥ ವಠಾರಕ್ಕೆ ಮದರಾಸಿನಲ್ಲಿ ಸ್ಟೋರ್ ಎನ್ನುತ್ತಾರೆ. ಅದರ ಮೊದಲ ಮನೆ ಮಾವನದು, ಮೂರನೆಯದು ನಮ್ಮದು. ಮಾವನೂ ನನ್ನ ಗಂಡನೂ ಕೆಲಸಕ್ಕಿದ್ದ ಹೋಟೆಲಿನಲ್ಲಿ ಅಕ್ಕಿ ಬೇಳೆ ಇಡುವ ಕೋಣೆಯೂ ಸ್ಟೋರ್. ಅದರ ಬೀಗದಕೈ ಮಾವನ ಸೊಂಟದಲ್ಲಿ. ಬೀದಿ ತುದಿಯ ಸೊಸೈಟಿ ಅಂಗಡಿಯೂ ಸ್ಟೋರ್. ಹೊಸದಾಗಿ ಬಂದಾಗ ನಾನು ಸೀಮೆಎಣ್ಣೆ ಒಲೆಯನ್ನೂ ಸ್ಟೋರ್ ಎಂದೇ ಕರೆದು ನಗೆಗೀಡಾದೆ. ಊರಿನಲ್ಲಿ ಅಮ್ಮ, "ಅಂಗಡಿಯೊಳಗೆ ಸಂಸಾರ ಹೂಡುಕೆ ಆತ್ತಾ?" ಎಂದು ಕಣ್ಣೀರು ಹಾಕಿದಳಂತೆ. ಮಾವ ಮಾತ್ರ, "ಇಂಗ್ಲಿಷಿನವರಿಗೆ ಶಬ್ದಕ್ಕೆ ಬಡತನ ಮಾರಾಯ್ತಿ. ಒಂದೇ ಪಂಚೆ ಮದುವೆಗೂ ಉಡುದು, ತಿಥಿಗೂ ಉಡುದು" ಎನ್ನುತ್ತಿದ್ದರು.

ನಮ್ಮ ಗೇಟಿನ ಮೇಲೆ ಯಾರೋ ಬಣ್ಣದಲ್ಲಿ ಆ ಶಬ್ದವನ್ನು ಇಂಗ್ಲಿಷಿನಲ್ಲಿ ಬರೆದಿದ್ದರು, ತಪ್ಪಾಗಿ, ನಡುವೆ ಒಂದು 'ಓ' ಬದಲು ಎರಡು ಸೊನ್ನೆ ಹಾಕಿ. ನನ್ನ ಮಗಳು ಶಾಲೆಯಲ್ಲಿ ಇಂಗ್ಲಿಷ್ ಕಲಿಯತೊಡಗಿದ ವರ್ಷ, ದಿನಾ ಕಾಣುವ ಗೇಟನ್ನೇ ನಂಬಿ ಹಾಗೆಯೇ ಬರೆದಳು. ಟೀಚರು ಕೆಂಪು ಗೆರೆ ಎಳೆದರು. ಮನೆಗೆ ಬಂದವಳೇ ತೆಂಗಿನ ಚಿಪ್ಪು ಹಿಡಿದು ಗೇಟಿನ ಸೊನ್ನೆ ಕೆರೆಯಲು ಶುರುಮಾಡಿದಳು. ಮಾವ ಕೈ ಹಿಡಿದರು. "ಗೇಟು ಶಾಲೆಗೆ ಹೋಯಿಲ್ಲೆ ಹೆಣ್ಣೆ. ನೀನು ಹೋತಿ. ನೀನು ಸರಿ ಬರಿ, ಸಾಕು."

ಅದೇ ವರ್ಷ ನನ್ನ ಗಂಡ ಜ್ವರ ಬಂದು ತೀರಿಕೊಂಡರು.

ಇದನ್ನು ಬರೆಯುತ್ತಾ ಎಷ್ಟೋ ಸಲ ಎದ್ದಿದ್ದೇನೆ. ಒಲೆಯ ಮೇಲೆ ಏನೂ ಇಲ್ಲ, ಆದರೂ ನೋಡಿ ಬರುತ್ತೇನೆ. ಬಾಗಿಲು ಹಾಕಿದ್ದೇನೆಯೇ ಎಂದು ನೋಡುತ್ತೇನೆ, ಹಾಕಿದ್ದರೆ ತೆಗೆಯುತ್ತೇನೆ. ಈ ಬೇಸಿಗೆಯಲ್ಲಿ ನನ್ನ ಕಾಲು ಒಂದು ಕಡೆ ನಿಲ್ಲುತ್ತಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಭಾವ, ಎಂದರೆ ನನ್ನ ಗಂಡನ ಅಣ್ಣ, ನಮ್ಮನ್ನು ಊರಿಗೆ ಕರೆದೊಯ್ಯಲು ನಿಂತರು. ಕೆಟ್ಟವರಲ್ಲ. ಗಂಡು ದಿಕ್ಕಿಲ್ಲದೆ ಈ ಪಟ್ಟಣದಲ್ಲಿ ಹೆಂಗಸೊಬ್ಬಳು ಹೇಗಿರುತ್ತಾಳೆ ಎಂಬುದು ಅವರ ಚಿಂತೆ. ಆದರೆ ಊರಿನಿಂದ ಹೈಸ್ಕೂಲಿಗೆ ಹೊಳೆ ದಾಟಬೇಕು, ದೋಣಿಯಲ್ಲಿ ಹೆಣ್ಣುಮಕ್ಕಳನ್ನು ಯಾರೂ ಕಳಿಸುತ್ತಿರಲಿಲ್ಲ. "ಓದಿದ್ದು ಸಾಕು, ಮನೆಕೆಲಸ ಕಲೀಲಿ" ಎಂದರು. ಮಗಳು ಪುಸ್ತಕದ ಚೀಲವನ್ನು ಹಾಸಿಗೆಯ ಸುರುಳಿಯೊಳಗೆ ತುರುಕಿದಳು. ಭಾವ ಎಳೆದು ಹೊರಗಿಟ್ಟರು. ಬಿಟ್ಟು ಹೋಗಲು ಮನಸ್ಸಿಲ್ಲ, ಇರುತ್ತೇನೆ ಎನ್ನಲು ದಾರಿ ಕಾಣದು.

ಜಟಕಾ ಬಂತು. ಗಂಟು ಎತ್ತಿಕೊಂಡು ಹೊರಟರೆ, ನಮ್ಮ ಹೊಸ್ತಿಲ ಮೇಲೆ ಮಾವ ಕೂತಿದ್ದರು. ಹೋಟೆಲಿನಲ್ಲಿ ಇರಬೇಕಾದ ಹೊತ್ತು. ಗೋಡೆಗೆ ಒರಗಿ, ಕಾಲು ಚಾಚಿ, ದಾರಿಗೆ ಅಡ್ಡವಾಗಿ ಕೂತಿದ್ದರು. ನೀರು ಸೇದುತ್ತಿದ್ದ ಮಾಮಿ ಕೊಡ ಅಲ್ಲೇ ಬಿಟ್ಟು ನೋಡತೊಡಗಿದರು.

"ಏಳಿ ಮಾರಾಯ್ರೆ, ರೈಲು ತಪ್ಪತ್ತ್," ಎಂದರು ಭಾವ.

"ಕಾಲು ನೋವು."

"ನಮಗೆ ದಾರಿ ಬಿಡಿ."

"ಹೆಣ್ಣು ಪರೀಕ್ಷೆ ಬರೀಲಿ, ಮತ್ತೆ ಏಳ್ತೆ."

"ಯಾವ ಪರೀಕ್ಷೆ?"

"ಎಸ್ಸೆಸ್ಸೆಲ್ಸಿ."

"ಅದಕ್ಕಿನ್ನೂ ಐದಾರು ವರ್ಷ ಇತ್ತಲ್ದಾ!"

"ಇರ್ಲಿ. ನನಗೆ ಅವಸರ ಇಲ್ಲೆ."

ಓಣಿಯಲ್ಲಿ ಯಾರೋ ನಕ್ಕರು. ಹೋಟೆಲಿನ ಅಡಿಗೆಯವರೇ ಬೆವರು ಒರೆಸುತ್ತಾ ಓಡಿಬಂದರು. "ಬೇಳೆ ಇಲ್ಲದೆ ಸಾಂಬಾರು ಹೇಗೆ ಮಾಡುದು ಮಾವ? ಧಣಿಗಳು ಕೂಗಾಡ್ತಿದ್ದಾರೆ." ಮಾವ ಸೊಂಟದಿಂದ ಬೀಗದಕೈ ಬಿಚ್ಚಿ ಅವರ ಕೈಗಿಟ್ಟರು. ಅದನ್ನು ಅವರು ಇನ್ನೊಬ್ಬರಿಗೆ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಅಡಿಗೆಯವರೂ ಕಂಡಿರಲಿಲ್ಲ, ಅಂಗೈ ನೋಡುತ್ತಾ ನಿಂತುಬಿಟ್ಟರು. ಮಾವನ ಬೆರಳ ನಡುವಿನ ಕೊತ್ತಂಬರಿ ಕಾಳು ಪುಡಿಯಾಗಿತ್ತು. ಕೂರುವುದು ಅವರಿಗೆ ಎಷ್ಟು ಕಷ್ಟ ಎಂದು ನನಗೆ ಆಗ ತಿಳಿಯಿತು. ಅವರು ಒಂದು ಸಲವೂ ನನ್ನ ಕಡೆ ನೋಡಲಿಲ್ಲ, ಮಾತು ಹೇಳಿಕೊಡಲಿಲ್ಲ.

"ನಾನು ಬತ್ತಿಲ್ಲೆ ಭಾವ," ಎಂದೆ.

ಭಾವ ಗಂಟು ಕೆಳಗಿಟ್ಟರು. "ಉಂಬುಕೆ ಎಂತ ಮಾಡ್ತಿ?" ಎಂದರು. ಮಾವನೇ ಹೇಳಿದರು: "ಹೋಟೆಲಿನ ಬೇಳೆ, ಮೆಣಸು, ಕೊತ್ತಂಬರಿ ಇಲ್ಲಿಗೆ ಬತ್ತ್. ಇವಳು ಆರಿಸಿ ಕೊಡ್ತ್ಳು. ಕಲ್ಲು ಸಿಕ್ಕಿದ್ರೆ ಧಣಿಗಳು ನನ್ನನ್ನ ಕೇಳ್ಲಿ."

ಭಾವ ಒಬ್ಬರೇ ಜಟಕಾ ಹತ್ತಿದರು. ಧಣಿಗಳಿಗೆ ಈ ಮಾತು ಇನ್ನೂ ಗೊತ್ತೇ ಇರಲಿಲ್ಲ. ಮಾವ ಅದೇ ಸಂಜೆ ಹೋಗಿ ಒಪ್ಪಿಸಿದರು. ಏನು ಹೇಳಿದರೋ, ಎಷ್ಟು ಬೈಸಿಕೊಂಡರೋ, ಒಂದು ದಿನವೂ ಹೇಳಲಿಲ್ಲ.

ಅಂದಿನಿಂದ ನಮ್ಮ ಮನೆಗೆ ಚೀಲಗಳು ಬರತೊಡಗಿದವು. ಸಂಜೆ ಮಾವ ಬಂದು ಆರಿಸಿದ ಬೇಳೆಗೆ ಕೈ ಹಾಕಿ, ಬೆರಳ ಸಂದಿಯಲ್ಲಿ ಹರಿಯಬಿಟ್ಟು ನೋಡುವರು. ಮೊದಮೊದಲು ಕಲ್ಲು ಸಿಗುತ್ತಿತ್ತು. ಬೈಯುತ್ತಿರಲಿಲ್ಲ. ಕಲ್ಲನ್ನು ನನ್ನ ಅಂಗೈಯಲ್ಲಿಟ್ಟು, "ಇದು ಯಾರ ಹಲ್ಲಿಗೆ?" ಎಂದು ಕೇಳಿ ಹೊರಟುಬಿಡುವರು. ಆ ರಾತ್ರಿ ನಾನು ಇಡೀ ಚೀಲವನ್ನು ಮತ್ತೆ ಮೊರಕ್ಕೆ ಸುರಿಯುತ್ತಿದ್ದೆ. ಮಗಳ ಶಾಲೆ ಆ ಚೀಲಗಳ ಮೇಲೆ ನಿಂತಿತ್ತು. ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ಹುಡುಕಲು ನಿಧಾನವಾಗಿ ಕಲಿತೆ.

ಕಳೆದ ಚಳಿಗಾಲದಲ್ಲಿ ಮಾವನಿಗೆ ಕೆಮ್ಮು ಹತ್ತಿತು. ಊರಿನಿಂದ ತಂಗಿಯ ಮಗ ಬಂದು ಕರೆದುಕೊಂಡು ಹೋದ. ಹೊರಡುವಾಗ ಮಗಳಿಗೆ, "ಪರೀಕ್ಷೆ ಇತ್ತ್, ರೈಲು ಸ್ಟೇಷನ್ನಿಗೆ ಬಪ್ಪುದು ಬೇಡ. ಓದು" ಎಂದರು. ನನ್ನ ಮೊರದೊಳಗಿನ ಬೇಳೆಯಲ್ಲಿ ಒಮ್ಮೆ ಬೆರಳಾಡಿಸಿ ಹೊರಟರು.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ನಡುವೆ ಒಂದು ಬೆಳಿಗ್ಗೆ, ಊರಿನಿಂದ ಮರಳಿದ ಹೋಟೆಲಿನವರೊಬ್ಬರು ಓಣಿಯಲ್ಲೇ ನಿಂತು ಸುದ್ದಿ ಹೇಳಿದರು. ಮಾವ ತೀರಿಹೋಗಿ ಹತ್ತು ಹನ್ನೆರಡು ದಿನವಾಗಿತ್ತಂತೆ. ಎದುರು ಮನೆಯ ಹಿರಿಯರು ನನ್ನ ಮುಖ ನೋಡಿ, "ನಿನಗೆ ಸೂತಕ ಇಲ್ಲಮ್ಮ, ಸ್ನಾನ ಬೇಕಾಗಿಲ್ಲ" ಎಂದರು. ಶಾಸ್ತ್ರ ಗೊತ್ತಿದ್ದವರು, ಸಮಾಧಾನಕ್ಕೆಂದೇ ಹೇಳಿದರು.

ನಾನು ಬಾವಿಕಟ್ಟೆಗೆ ಹೋಗಿ ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡೆ. ಮಾಮಿ ಕೆಳಗಿಳಿಸಿದ್ದ ಹಗ್ಗವನ್ನು ಮೇಲೆಳೆದು ಇನ್ನೊಂದು ಕೊಡ ಸೇದಿದರು. ನನಗೆ ಎಂದುಕೊಂಡೆ. ನೋಡಿದರೆ ಮಗಳು ಸಮವಸ್ತ್ರದಲ್ಲೇ ಬಂದು ನನ್ನ ಪಕ್ಕದಲ್ಲಿ ತಲೆ ಬಗ್ಗಿಸಿ ನಿಂತಿದ್ದಳು. "ನಾನುಂ ಮಾಮಿ," ಎಂದಳು. ಮಾಮಿ ಸುರಿದರು.

ಬೇರೆ ಲಂಗ ಸಿಕ್ಕಿತು. ತಲೆ ಒರೆಸುವಷ್ಟು ಹೊತ್ತು ಇರಲಿಲ್ಲ. ಜಡೆಯಿಂದ ನೀರು ಸೋರುತ್ತಿದ್ದಂತೆಯೇ ಅವಳು ಪರೀಕ್ಷೆಗೆ ಹೊರಟಳು.