ಪಾದರಸದ ಕಾವಲಿಗೆ ಕಿಟಕಿ ಅಕ್ಕ

ಬೆಳಗಿನ ಆರೂವರೆ. ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದ ಬೀಗ ತೆಗೆದ ಅಕ್ಕ ದೀಪ ಹಾಕುವುದಿಲ್ಲ. ಮೊದಲು ನಾಲ್ಕೂ ಕಿಟಕಿಗಳನ್ನು ಹಾರುಹೊಡೆಯುತ್ತಾರೆ. ಆಮೇಲೆ ಮಂಡಿಯೂರಿ, ಕೆನ್ನೆ ಇನ್ನೇನು ನೆಲಕ್ಕೆ ತಾಗಬೇಕು ಎನ್ನುವಷ್ಟು ಬಗ್ಗಿ, ಟಾರ್ಚನ್ನು ನೆಲದ ಮೇಲೇ ಮಲಗಿಸಿ ಬೆಳಕು ಹಾಯಿಸುತ್ತಾರೆ. ಮೂರು ಕುರ್ಚಿಗಳ ಬುಡ, ಗೋಡೆಯ ಮೂಲೆ, ಟೈಲ್ಸಿನ ಸಂದು. ಸಾಸಿವೆಯಷ್ಟು ಮಿಣುಕಿದರೂ ಅವರ ಕಣ್ಣು ತಪ್ಪಿಸಿಕೊಳ್ಳುವಂತಿಲ್ಲ. ಇವತ್ತು ಏನೂ ಮಿಣುಕಲಿಲ್ಲ. "ಸದ್ಯ," ಎಂದು ಸೊಂಟ ಹಿಡಿದು ಏಳುತ್ತಾರೆ.

ಅವರು ಹುಡುಕುವುದು ಪಾದರಸವನ್ನು. ಹುಳುಕು ಹಲ್ಲಿಗೆ ತುಂಬುವ ಬೆಳ್ಳಿ ಬಣ್ಣದ ಫಿಲ್ಲಿಂಗಿನಲ್ಲಿ ಹೆಚ್ಚುಕಡಿಮೆ ಅರ್ಧಪಾಲು ಅದೇ. ಇಪ್ಪತ್ತಾರು ವರ್ಷಗಳಿಂದ ಡಾಕ್ಟರ ಪಕ್ಕ ನಿಂತು ಅದನ್ನು ಕಲಸಿಕೊಡುತ್ತಿರುವ ಸಹಾಯಕಿ ಇವರು. ಚಳಿಯಿರಲಿ, ಗಾಳಿಯಿರಲಿ, ಪಾದರಸದ ಆವಿ ಹೊರಹೋಗಲೆಂದು ಕಿಟಕಿ ಮುಚ್ಚಲು ಬಿಡದ ಕಾರಣ ಎಲ್ಲರ ಬಾಯಲ್ಲೂ 'ಕಿಟಕಿ ಅಕ್ಕ'.

"ಅಕ್ಕಾ, ಚಳೀಗೆ ಹಲ್ಲು ಕಟಕಟ ಅಂತಿದೆ. ಡಾಕ್ಟ್ರು ಯಾವ ಹಲ್ಲು ಅಂತ ಕೊರೀತಾರೆ?" ಎಂದು ಮೊದಲ ಕುರ್ಚಿಯ ಲಾರಿ ಡ್ರೈವರ್ ಗೊಣಗುತ್ತಾನೆ.

"ಕಚ್ಕೊಂಡು ಕೂತ್ಕೊಳಪ್ಪ. ನಿನ್ನ ಕ್ಯಾಬಿನ್ನಲ್ಲಿ ಹೀಟರ್ ಹಾಕ್ಕೋ, ಇಲ್ಲಿ ನನ್ನದೇ ಕಾನೂನು."

ದಿನಕ್ಕೆ ಮೂವತ್ತೈದು ನಲವತ್ತು ಮಂದಿ ಬರುತ್ತಾರೆ. ಮೊದಲೆಲ್ಲ ಇಪ್ಪತ್ತು ಬೆಳ್ಳಿ ಫಿಲ್ಲಿಂಗ್ ಆಗುತ್ತಿದ್ದಲ್ಲಿ ಈಗ ನಾಲ್ಕೋ ಐದೋ, ಉಳಿದವೆಲ್ಲ ಪಾದರಸವಿಲ್ಲದ ಬಿಳಿಯವು. ಪಾದರಸ ಒಳ್ಳೆಯದಲ್ಲ ಎನ್ನುವವರೂ, ಇಷ್ಟು ವರ್ಷ ಕೋಟಿಗಟ್ಟಲೆ ಬಾಯಿಗಳಲ್ಲಿ ಸುಮ್ಮನೆ ಕೂತಿದೆಯಲ್ಲ ಎನ್ನುವವರೂ ಇದೇ ಬೆಂಚಿನ ಮೇಲೆ ಜಗಳವಾಡುತ್ತಾರೆ. ಅಕ್ಕ ಯಾವ ಪಕ್ಷವನ್ನೂ ವಹಿಸುವುದಿಲ್ಲ. ಮಿಕ್ಕ ಚೂರುಗಳನ್ನು ನೀರು ತುಂಬಿದ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯುತ್ತಾರೆ. ಕಿತ್ತ ಹಲ್ಲಿನಲ್ಲಿ ಬೆಳ್ಳಿ ಇದ್ದರೆ ಅದು ಸುಡುವ ಕಸದ ಚೀಲಕ್ಕೆ ಹೋಗಿ ಆವಿಯಾಗದಂತೆ ಬೇರೆ ಡಬ್ಬಿಗೆ ಹಾಕುತ್ತಾರೆ.

ಇದನ್ನೆಲ್ಲ ಕಲಿಸಿದವರು ಈಗ ನಿವೃತ್ತರಾಗಿರುವ ದೊಡ್ಡ ಸಿಸ್ಟರ್. ಕೆಲಸಕ್ಕೆ ಸೇರಿದ ಮೊದಲ ವಾರ ಅಕ್ಕ ಪಾದರಸದ ಬಾಟಲಿ ಕೆಡವಿದ್ದರು. ಯಾರಾದರೂ ನೋಡಿಯಾರು ಎಂಬ ಗಾಬರಿಯಲ್ಲಿ ಪೊರಕೆ ತಂದು ಗುಡಿಸಿದರು. ಒಂದು ಗುಂಡು ನೂರಾಗಿ ದಿಕ್ಕಾಪಾಲಾಯಿತು. ದೊಡ್ಡ ಸಿಸ್ಟರ್ ಪೊರಕೆ ಕಿತ್ತೆಸೆದು ಕಿವಿ ಹಿಂಡಿದರಂತೆ. "'ಅಯ್ಯೋ ಪುಣ್ಯಾತ್ಗಿತ್ತಿ, ಇದು ಕಸ ಅಲ್ಲ ಕಣೇ, ಗುಡಿಸಿದ್ರೆ ಮರಿ ಹಾಕುತ್ತೆ' ಅಂದ್ರು. ಕಿಟಕಿ ತೆಗೆಸಿದ್ರು. ಎರಡು ರಟ್ಟು, ಒಂದು ಟೇಪು ಕೊಟ್ಟು ಒಂದೊಂದೇ ಗುಂಡು ಎತ್ತಿಸಿದ್ರು. ಮುಗಿಯೋ ಹೊತ್ತಿಗೆ ಸಂಜೆ. ಅವರೂ ನನ್ನ ಪಕ್ಕದಲ್ಲೇ ಮಂಡಿಯೂರಿದ್ರು." ಎನ್ನುತ್ತಾರೆ ಅಕ್ಕ. ಟಾರ್ಚಿನ ಪಾಠವೂ ಅವತ್ತಿನದೇ.

ಇಷ್ಟು ವರ್ಷ ಅಳುಕದ ಅಕ್ಕ ಅಳುಕಿದ್ದು ಕಳೆದ ತಿಂಗಳು. ಆರು ತಿಂಗಳ ಬಸುರಿ ಮಗಳು ಫೋನಿನಲ್ಲಿ ಏನೇನೋ ಓದಿಕೊಂಡು ಸೀದಾ ವಿಭಾಗಕ್ಕೇ ಬಂದಳು. ಹನ್ನೆರಡನೇ ವಯಸ್ಸಿನಲ್ಲಿ ತುಂಬಿಸಿಕೊಂಡ ದವಡೆ ಹಲ್ಲನ್ನು ಬೆರಳಲ್ಲಿ ತೋರಿಸಿ, "ಅಮ್ಮ, ಇದನ್ನ ಕಲಸಿಕೊಟ್ಟಿದ್ದು ನೀನೇ ತಾನೇ? ಇವತ್ತೇ ತೆಗೆಸಿಬಿಡು," ಎಂದಳು.

ಅಕ್ಕನಿಗೆ ಕೈಯಲ್ಲಿದ್ದ ತಟ್ಟೆ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. "ಕಂಡವರ ಮಾತಿರಲಿ, ಹೆತ್ತ ಮಗಳ ಬಾಯಿಗೇ ವಿಷ ಇಟ್ಟೆನಾ ಅನ್ನಿಸ್ತು," ಎನ್ನುವಾಗ ಈಗಲೂ ಅವರ ದನಿ ಇಳಿಯುತ್ತದೆ.

ಡಾಕ್ಟರು ಮಗಳನ್ನು ಕೂರಿಸಿ ಹಲ್ಲು ನೋಡಿದರು. "ನೋಡಮ್ಮ, ಬಸುರಿಯರಿಗೆ ನಾವು ಹೊಸದಾಗಿ ಇದನ್ನ ಹಾಕಲ್ಲ, ನಿಜ. ಆದ್ರೆ ಗಟ್ಟಿಯಾಗಿ ಕೂತಿರೋದನ್ನ ಈಗ ಕೊರೆದ್ರೇ ಆವಿ ಜಾಸ್ತಿ ಏಳೋದು. ಹಲ್ಲು ಚೆನ್ನಾಗಿದೆ. ಮಲಗಿರೋದನ್ನ ಎಬ್ಬಿಸಬೇಡ." ಅಷ್ಟಕ್ಕೂ ಸಮಾಧಾನವಾಗದ ಮಗಳು ಕೇಳಿದ್ದು ಒಂದೇ ಮಾತು: "ಸರಿ, ನನ್ನ ಹಲ್ಲು ಬಿಡಿ. ದಿನಾ ಇದರ ಮಧ್ಯೆ ಇರೋ ನಮ್ಮಮ್ಮನ ಗತಿ?"

ಆಗ ಗೊತ್ತಾಯಿತು ಅಕ್ಕನಿಗೆ, ಮಗಳ ಸಿಟ್ಟಿನ ಬೇರು ಎಲ್ಲಿದೆಯೆಂದು. ಮರುದಿನವೇ ಮೂತ್ರ ಪರೀಕ್ಷೆಗೆ ಕೊಟ್ಟರು. ಒಂಬತ್ತು ದಿನ ಕಾಯಬೇಕಾಯಿತು. ಪಾದರಸ ಮೈಗೇರಿದರೆ ಕೈ ನಡುಗುತ್ತದಂತೆ ಎಂದು ಒಂಬತ್ತೂ ದಿನ ಲೋಟ ಹಿಡಿದಾಗಲೆಲ್ಲ ಕೈ ನೋಡಿಕೊಂಡರು. ವರದಿ ಬಂತು. ಪಾದರಸದ ಅಂಶ ಮಿತಿಗಿಂತ ಎಷ್ಟೋ ಕೆಳಗೆ.

ಮಗಳಿಗೆ ತಿಳಿಸಿದ ಮೇಲೆ ಅವರು ಫೋನ್ ಮಾಡಿದ್ದು ದೊಡ್ಡ ಸಿಸ್ಟರಿಗೆ. "ಅವತ್ತು ನೀವು ಪೊರಕೆ ಕಿತ್ತುಕೊಳ್ಳದೇ ಇದ್ದಿದ್ರೆ..." ಎಂದವರೇ ಅತ್ತುಬಿಟ್ಟರು.

ಆ ಕಡೆಯಿಂದ ಎಂಬತ್ತು ದಾಟಿದ ದನಿ: "ಅಳಬೇಡ ಸುಮ್ನಿರೇ. ಇಲ್ದಿದ್ರೆ ಕಿವಿ ಇನ್ನೊಂದ್ಸಲ ಹಿಂಡ್ತೀನಿ, ಆಗ ತುತ್ತೂರಿ ಥರ ಅಳುವೆಯಂತೆ."

ಇವತ್ತು ಮಧ್ಯಾಹ್ನ ಮಗಳು ಬುತ್ತಿ ಹಿಡಿದು ಬಂದಿದ್ದಾಳೆ. ಬಂದವಳೇ ಹೊಸ ಟಾರ್ಚೊಂದನ್ನು ಅಮ್ಮನ ಕೈಗಿಡುತ್ತಾಳೆ. "ಹಳೇದು ಮಿಂಚುಹುಳದ ಥರ ಆಗಿದೆ, ಎಸಿ ಅದನ್ನ," ಎಂದು ರೇಗಿಸಿ, ಯಾರೋ ಮುಚ್ಚಿದ್ದ ಕಿಟಕಿಯನ್ನು ತಾನೇ ತೆರೆದು ಕೂರುತ್ತಾಳೆ.

ಬರುವ ವರ್ಷ ಇಲ್ಲಿ ಬೆಳ್ಳಿ ಫಿಲ್ಲಿಂಗ್ ಪೂರ್ತಿ ನಿಲ್ಲುತ್ತದಂತೆ. ಬೇಸರವೇ ಎಂದರೆ ಅಕ್ಕ ಅಡ್ಡಡ್ಡ ತಲೆಯಾಡಿಸುತ್ತಾರೆ. "ಬೇಸರ ಯಾಕೆ? ನೋವು ಅಂತ ಬಂದವರು ನಗ್ತಾ ಹೋಗಿದ್ದಾರೆ, ಅದರ ಋಣ ಇದೆ. ಹೋಗೋದನ್ನೂ ಚೆನ್ನಾಗಿ ಕಳಿಸಿಕೊಡಬೇಕು ಅಷ್ಟೇ."

ಅಲ್ಲೇ ಬೆಂಚಿನ ಪಕ್ಕ, ಸರದಿಗೆ ಕಾದು ಸುಸ್ತಾದ ತಾಯಿಯೊಬ್ಬಳು ಮಗುವನ್ನು ನೆಲಕ್ಕೆ ಬಿಟ್ಟಿದ್ದಾಳೆ. ಅದು ಅಂಬೆಗಾಲಿಡುತ್ತ ಕುರ್ಚಿಯ ಬುಡಕ್ಕೇ ಹೋಗಿ, ಟೈಲ್ಸಿನ ಸಂದಿಗೆ ಬೆರಳಿಟ್ಟು, ಆ ಬೆರಳನ್ನು ಬಾಯಿಗಿಡುತ್ತದೆ. ತಾಯಿ ಗಾಬರಿಯಿಂದ ಏಳುತ್ತಾಳೆ.

"ಕೂತ್ಕೊಳಮ್ಮ," ಎನ್ನುತ್ತಾರೆ ಕಿಟಕಿ ಅಕ್ಕ, ಮಗುವಿನ ಬೆರಳು ಒರೆಸುತ್ತಾ. "ಬೆಳಿಗ್ಗೆ ನೋಡಿದ್ದೀನಿ."