ಕಿಚ್ಚಿಗೆ ಬಿದ್ದ ಜಪಾನಿ ಮೇಪಲ್

ಆ ಗಿಡ ಕಡಿದವರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಕಡಿದವರು ನನ್ನ ಮಾವ. ಅವರು ತೀರಿಕೊಂಡೇ ಎಷ್ಟೋ ವರ್ಷವಾಯಿತು. ತೀರಿಕೊಂಡವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಅನ್ನಲಿ.

ನನ್ನಪ್ಪ ಬೆಂಗಳೂರು ದಂಡಿನಲ್ಲಿ ಒಬ್ಬ ಬಿಳಿಯ ದೊರೆಯ ಬಂಗಲೆಗೆ ಮಾಲಿಯಾಗಿದ್ದ. ಆ ತೋಟದ ಕುಂಡವೊಂದರಲ್ಲಿ ಜಪಾನಿ ಮೇಪಲ್ ಅನ್ನುವ ಗಿಡವಿತ್ತು. ಮೊಣಕಾಲೆತ್ತರ, ಬೆರಳು ಬಿಡಿಸಿದ ಮಗುವಿನ ಅಂಗೈಯಂಥ ಎಲೆ. ಜಪಾನಿನವರು ಯುದ್ಧಕ್ಕೆ ಇಳಿದ ಸುದ್ದಿ ಬಂದದ್ದೇ ತಡ, ದೊರೆಸಾನಿ ಅದನ್ನು ತಿಪ್ಪೆಗೆ ಎಸೆಯಲು ಹೇಳಿದಳು. ದೇಶ ಆಳುವವರು ಮೊಣಕಾಲೆತ್ತರದ ಗಿಡಕ್ಕೆ ಹೆದರಿದ್ದರು. "ಯುದ್ಧಕ್ಕೆ ಬಂದಿದ್ದು ಈ ಗಿಡವಾ?" ಎಂದು ಗೊಣಗುತ್ತ ಅಪ್ಪ ಅದನ್ನು ಗೋಣಿತಾಟಿನಲ್ಲಿ ಸುತ್ತಿ, ನಾನು ಸೊಸೆಯಾಗಿ ಬಂದಿದ್ದ ದೊಡ್ಡಬಳ್ಳಾಪುರದ ಹತ್ತಿರದ ಹಳ್ಳಿಗೆ ತಂದುಕೊಟ್ಟ. "ಮಧ್ಯಾಹ್ನದ ಬಿಸ್ಲು ತಾಕಿಸ್ಬೇಡ ಕಣಮ್ಮ. ಚಳಿಗೆ ಎಲೆ ಎಲ್ಲಾ ಉದುರಿಸ್ತದೆ, ಹೆದರ್ಬೇಡ, ಸಾಯಲ್ಲ ಅದು" ಅಂದ.

ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಬಚ್ಚಲುಮನೆಯ ಮೂಡಲ ಗೋಡೆಯ ಪಕ್ಕ ನೆಟ್ಟೆ. ಸೊಪ್ಪು ತೊಳೆದ ನೀರು ಹಾಕಿದೆ, ಬೇಸಿಗೆಯಲ್ಲಿ ತೆಂಗಿನ ಗರಿ ಮರೆ ಕಟ್ಟಿದೆ. "ಹೂವಿಲ್ಲ, ಕಾಯಿಲ್ಲ, ಸಾರಿಗೆ ಹಾಕೋಕೆ ಸೊಪ್ಪೂ ಅಲ್ಲ" ಎಂದು ಅತ್ತೆ ನಗುತ್ತಿದ್ದರು. ಮೊದಲ ಚಳಿಗೆ ಎಲೆಯೆಲ್ಲ ಕೆಂಪಾಗಿ ಉದುರಿ, ಶಿವರಾತ್ರಿ ಕಳೆಯುತ್ತಲೇ ಚಿಗುರಿತು. ಬನ್ನಿ ನೋಡಿ ಎಂದು ಕರೆದೆ. ಒಬ್ಬರೂ ಎದ್ದು ಬರಲಿಲ್ಲ.

ಮರುವರ್ಷದ ಸಂಕ್ರಾಂತಿ. ನಾನು ಅಡುಗೆಮನೆಯಲ್ಲಿ ಒಂದು ಮೊರ ಅವರೆಕಾಳು ಹಿತುಕುತ್ತ ಕೂತಿದ್ದೆ. ಸಂಜೆ ಎತ್ತುಗಳನ್ನು ಕಿಚ್ಚು ಹಾಯಿಸಬೇಕು. ಬೆಂಕಿಗೆ ಬಣವೆ ತುಂಬ ಹುಲ್ಲಿತ್ತು. ಆದರೂ ಹಬ್ಬದ ದಿನ ಮನೆಯ ಹತ್ತಿರ ಒಣಗಿದ ಗಿಡ ಇರಬಾರದೆಂದು ಮಾವ, ಬೋಳಾಗಿ ನಿಂತಿದ್ದ ನನ್ನ ಗಿಡವನ್ನು ಬುಡಕ್ಕೇ ಕಡಿದು, ಬೇರನ್ನೂ ಅಗೆದು, ಹುಲ್ಲಿನ ಮೇಲೆ ಹಾಕಿದರು. ಹಿತ್ತಲಿನ ದಾಳಿಂಬೆ ಒಣಗಿದರೆ ಉಗುರಿನಿಂದ ತೊಗಟೆ ಕೆರೆದು, ಒಳಗೆ ಹಸಿರಿದೆಯೇ ಎಂದು ನೋಡಿ, ಆಮೇಲೆ ಕೊಡಲಿ ಎತ್ತುವ ಮನುಷ್ಯ ಅವರು. ಹುಟ್ಟು ರೈತ. ನನ್ನ ಗಿಡವನ್ನು ಹಾಗೆ ಒಂದು ಸಲ ಕೆರೆದು ನೋಡಲು ಅವರಿಗೆ ಪುರಸೊತ್ತಿರಲಿಲ್ಲ.

ನಾನು ಆರತಿ ತಟ್ಟೆ ಹಿಡಿದು ಬೀದಿಗೆ ಬರುವಷ್ಟರಲ್ಲಿ ಹುಲ್ಲು ಉರಿದು ಮುಗಿಯುತ್ತಿತ್ತು. ನಡುವೆ ಹಸಿ ಕಡ್ಡಿಗಳು ಉರಿಯಲಾರದೆ ಸುಂಯ್ ಎಂದು ನೊರೆ ಕಾರುತ್ತ ಹೊಗೆಯಾಡುತ್ತಿದ್ದವು. ನೋಡಿದ ಕೂಡಲೇ ಗುರುತು ಸಿಕ್ಕಿತು. ಮೈಯೆಲ್ಲ ಉರಿದುಹೋಯಿತು. ತಟ್ಟೆಯನ್ನು ಓರಗಿತ್ತಿಯ ಕೈಗೆ ತುರುಕಿ ಒಳಗೆ ಬಂದುಬಿಟ್ಟೆ. ಹಬ್ಬದ ದಿನ ಎತ್ತಿಗೆ ಆರತಿ ಎತ್ತದ ಸೊಸೆ ಎಂದು ಬೀದಿಯಲ್ಲಿ ಗುಸುಗುಸು ಶುರುವಾಯಿತು.

ಮಾವ ಹಿಂದೆಯೇ ಬಂದರು. "ಏನಾಗೋಯ್ತಮ್ಮ ಈಗ? ಸತ್ತೋಗ್ಯದೆ ಅಂದ್ಕೊಂಡೆ. ನಾಳೆ ಒಂದು ಸೀಬೆ ಗಿಡ ತಂದ್ಕೊಡ್ತೀನಿ, ಹಣ್ಣಾದ್ರೂ ಬಿಡ್ತದೆ" ಅಂದರು.

ಅದುವರೆಗೆ ನಾನು ಅವರೆದುರು ತಲೆಯೆತ್ತಿ ಮಾತಾಡಿದವಳೇ ಅಲ್ಲ. ಅಂದು ಎದ್ದು ನಿಂತೆ.

"ಗಿಡ ಸತ್ತೋಗ್ಯದೆ ಅಂದ್ಕೊಂಡ್ರಿ, ಸರಿ ಮಾವ. ನಾನು ಬದುಕಿದ್ನಲ್ಲ, ಒಳಗೇ ಕೂತಿದ್ದೆ. ಒಂದ್ಮಾತು ಕೇಳ್ಬೋದಿತ್ತು."